ಎಡಮೊಣಕೈಯ ತೇಪೆ

ಗುಡ್ಡದ ಬುಡದಲ್ಲಿ, ಸೈಕಲ್ಲಿನವರ ದಾರಿ ಶುರುವಾಗುವ ಕಡೆಯೇ ಟೈಲರಮ್ಮನ ಅಂಗಡಿ. ಮೊದಲು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಗುಡ್ಡಕ್ಕೆ ಸೈಕಲ್ಲುಗಳು ಬರತೊಡಗಿದ ಮೇಲೆ ತೇಪೆ ಹಾಕುವುದೇ ಕೆಲಸವಾಯಿತು. ಬಟ್ಟೆ ಎಲ್ಲಿ ಹರಿದಿದೆ ಎಂದು ನೋಡಿದರೆ ಸಾಕು, ಆಸಾಮಿ ಎಂಥ ಸವಾರ ಎಂದು ಹೇಳಿಬಿಡುತ್ತಿದ್ದಳು. ಕ್ರಾಸ್ ಕಂಟ್ರಿಯವರು ಏರು ತಗ್ಗು ಎನ್ನದೆ ಮೈಲಿಗಟ್ಟಲೆ ತುಳಿಯುವವರು. ಅವರ ಚಡ್ಡಿ ಹರಿಯುವುದಿಲ್ಲ, ಕೂತ ಜಾಗದಲ್ಲಿ ಸವೆದು ಜಾಲರಿಯಾಗುತ್ತದೆ. ಡೌನ್‌ಹಿಲ್‌ನವರು ವ್ಯಾನಿನಲ್ಲಿ ಮೇಲೆ ಹೋಗಿ ಕೆಳಕ್ಕೆ ನುಗ್ಗುವವರು. ಅವರ ಮೊಣಕೈ, ಮೊಣಕಾಲು ಎರಡೂ ಬದಿ ಚಿಂದಿ. ಮಣ್ಣಿನ ದಿಬ್ಬದಿಂದ ಗಾಳಿಗೆ ಹಾರುವ ಜಂಪಿನವರಿಗೆ ಬಿಚ್ಚಿಕೊಳ್ಳುವುದು ತೊಡೆಸಂದಿನ ಹೊಲಿಗೆ. ಅವರು ಅಂಗಡಿಯೊಳಗೆ ಗೋಡೆಗೆ ಬೆನ್ನು ಕೊಟ್ಟೇ ಮಾತಾಡುತ್ತಾರೆ.

ಅವಳ ಗಂಡ ನಿವೃತ್ತ ಲಿಫ್ಟ್ ಆಪರೇಟರ್. ನೌಕರಿಯುದ್ದಕ್ಕೂ ಮೇಲೆ ಕೆಳಗೆ ಓಡಾಡಿಯೂ ಎಲ್ಲಿಗೂ ಹೋಗದವನು. ಕೆಲಸ ಬಿಟ್ಟ ಮೇಲೆ ಯಾರೋ ಬಳಸಿದ್ದ ಸೈಕಲ್ ಕೊಂಡು, ಬೆಳಗಾದರೆ ಗುಡ್ಡಕ್ಕೆ ಹೊರಡುತ್ತಿದ್ದ. ಮನೆಗೆ ಬರುವಾಗ ಮುಖದಲ್ಲಿ ಅವಳು ಎಂದೂ ಕಾಣದ ಕಳೆ ಇರುತ್ತಿತ್ತು. ಅಂಗಿಯಲ್ಲಿ ತೂತೂ ಇರುತ್ತಿತ್ತು.

"ಈ ವಯಸ್ಸಲ್ಲಿ ಮೂಳೆ ಮುರಿದ್ರೆ ನಾನು ಹೊಲಿಯೋಕಾಗಲ್ಲ," ಎಂದಳು. "ಇನ್ನೊಂದು ಸಲ ಹರ್ಕೊಂಡು ಬಂದ್ರೆ ಸೈಕಲ್ ಮಾರಿಬಿಡ್ತೀನಿ ರೀ."

ಮರುವಾರವೇ ಎಡಮೊಣಕೈ ಹರಿದಿತ್ತು.

"ಬಾಗಿಲ ಚಿಲಕಕ್ಕೆ ಸಿಕ್ಕಿತು."

"ಚಿಲಕದಲ್ಲಿ ಮಣ್ಣಿರುತ್ತಾ?"

"ಹಳೇ ಬಾಗಿಲು ಕಣೇ."

"ಸುಳ್ಳು ಹೇಳಿದ್ರೂ ನಿಜದ ತಲೆ ಮೇಲೆ ಹೊಡೆದ ಹಾಗಿರ್ಬೇಕು."

ಈ ಮನುಷ್ಯ ಕದ್ದು ಡೌನ್‌ಹಿಲ್‌ಗೆ ಇಳಿದಿದ್ದಾನೆ ಎಂದೇ ಅವಳಿಗೆ ಅನಿಸಿತು. ಭಯವಾಯಿತು, ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣ ಹೆಮ್ಮೆಯೂ ಆಯಿತು. ಆದರೆ ಒಂದು ಅರ್ಥವಾಗಲಿಲ್ಲ. ಹರಿದದ್ದೆಲ್ಲ ಬರೀ ಎಡಗಡೆ. ಇಂಥ ಸವಾರನನ್ನು ಅವಳ ಹೊಲಿಗೆ ಯಂತ್ರ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಕೊರಳಲ್ಲಿದ್ದ ಅಳತೆ ಟೇಪನ್ನೂ ಮರೆತು ಗುಡ್ಡ ಹತ್ತಿದಳು. ಒಂದು ಬಂಡೆಯ ಹಿಂದೆ ಕುಳಿತಳು.

ಸ್ವಲ್ಪ ಹೊತ್ತಿಗೆ ಗಂಡ ಬಂದ. ಇರುವೆಗೂ ದಾರಿ ಬಿಡುವಷ್ಟು ನಿಧಾನ. ಬಲಕ್ಕೆ ಗುಡ್ಡ, ಎಡಕ್ಕೆ ಇಳಿಜಾರು, ನಡುವೆ ಕಿರಿದಾದ ದಾರಿ. ಹಿಂದಿನಿಂದ ಗಂಟೆ ಕೇಳಿತು. ಕೂಡಲೇ ಬ್ರೇಕ್ ಹಿಡಿದು, ಲಿಫ್ಟಿನ ಬಾಗಿಲು ತೆರೆದವನಂತೆ ಬಲಗೈ ಚಾಚಿ, "ಹೋಗಿ, ಹೋಗಿ," ಎಂದ. ಎಡಗಾಲು ನೆಲ ಹುಡುಕಿತು. ನೆಲ ಸಿಗಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಮೆಲ್ಲಗೆ ಪೊದೆಗೆ ಒರಗಿದ.

"ಥ್ಯಾಂಕ್ಸ್ ಅಂಕಲ್," ಎನ್ನುತ್ತಾ ಸವಾರ ಹೋದ. ಅವನಿಗೆ ಇದು ದಿನದ ನೋಟ.

ಟೈಲರಮ್ಮನ ನಗು ಬಂಡೆ ದಾಟಿ ಬಂತು. ಗಂಡ ತಲೆಯಲ್ಲಿ ಎಲೆ ಸಿಕ್ಕಿಸಿಕೊಂಡು ಎದ್ದು ಕೂತ.

"ಮಾರ್ತೀಯಾ?" ಎಂದ. ದನಿ ಸಣ್ಣದಾಗಿತ್ತು.

"ಡೌನ್‌ಹಿಲ್‌ನೋರು ಅಂದ್ಕೊಂಡಿದ್ದೆ. ನೀವು ನಿಂತಲ್ಲೇ ಬೀಳೋರು."

"ಅದೂ ಒಂದು ಶೈಲಿ."

"ನಿಜ ಹೇಳ್ಬಹುದಿತ್ತಲ್ಲ?"

"ಹಾರಿ ಬಿದ್ದೆ ಅಂದ್ರೆ ಬೈತೀಯ, ನಿಂತು ಬಿದ್ದೆ ಅಂದ್ರೆ ನಗ್ತೀಯ. ಬೈಗುಳ ಅಭ್ಯಾಸ ಇದೆ."

ಅವಳು ಹತ್ತಿರ ಬಂದು ಸೈಕಲ್ ಎತ್ತಿ ನಿಲ್ಲಿಸಿದಳು. ನೋಡಿದಳು.

"ಸೀಟು ಇಷ್ಟು ಎತ್ತರ ಯಾರು ಮಾಡಿದ್ದು?"

"ಮಾರಿದವನು ಹೀಗೇ ಕೊಟ್ಟ. ಅವನು ತೆಂಗಿನಮರದ ಹಾಗಿದ್ದ."

"ನಿಮ್ಮ ಒಂದೊಂದು ಪ್ಯಾಂಟನ್ನೂ ಕೆಳಗೆ ಮಡಚಿ ಹೊಲಿಯೋಳು ನಾನು. ನಿಮ್ಮ ಕಾಲು ಎಷ್ಟುದ್ದ ಅಂತ ನನ್ನ ಕೇಳ್ಬಾರ್ದಾ?"

ಕೊರಳ ಟೇಪು ಈಗ ನೆನಪಾಯಿತು. ಅವನನ್ನು ನೆಟ್ಟಗೆ ನಿಲ್ಲಿಸಿ, ತೊಡೆಸಂದಿನಿಂದ ಹಿಮ್ಮಡಿಯವರೆಗೆ ಅಳೆದಳು. ಸೀಟಿನ ಕೆಳಗಿನ ಹಿಡಿ ಸಡಿಲಿಸಿ, ಅದಕ್ಕೆ ತಕ್ಕಂತೆ ತಗ್ಗಿಸಿ ಬಿಗಿದಳು. "ಈಗ ಕೂತ್ಕೊಳ್ಳಿ. ಇವತ್ತು ಬಿದ್ರೆ ಮಾತ್ರ ಮಾರೋದೇ."

ಅವನು ಕೂತು ನಾಲ್ಕು ಮಾರು ಹೋಗಿರಬೇಕು, ಹಿಂದಿನಿಂದ ಮತ್ತೆ ಗಂಟೆ. ಬ್ರೇಕ್. ಬಲಗೈ. "ಹೋಗಿ, ಹೋಗಿ." ಎಡಗಾಲು ಇಳಿಯಿತು; ಪಾದ ಪೂರ್ತಿ ಮಣ್ಣಿಗೆ ಊರಿತು. ಅವನು ನಿಂತೇ ಇದ್ದ.

ದಾಟಿ ಹೋದ ಹುಡುಗಿ, ಅಂಕಲ್ ಇನ್ನೂ ನಿಂತೇ ಇದ್ದಾರೆ ಎಂದು ನಂಬಲಾಗದೆ ಹಿಂತಿರುಗಿ ನೋಡಿದಳು. ನೋಡುತ್ತಲೇ ಸೀದಾ ಪೊದೆಗೆ ನುಗ್ಗಿದಳು.

ಟೈಲರಮ್ಮ ಓಡಿ ಹೋಗಿ ಕೈಕೊಟ್ಟು ಎಬ್ಬಿಸಿದಳು. ಹುಡುಗಿಯ ಅಂಗಿ ನೋಡಿದಳು. ಎಡಮೊಣಕೈ.

"ಅಂಗಡಿಗೆ ಬಾಮ್ಮ," ಎಂದಳು. "ಈ ತೇಪೆ ಹಾಕಿ ಹಾಕಿ ನನಗೆ ಕೈ ಕುದುರಿದೆ."