ಮದ್ದುಕೋಣೆಯ ಪಾಟಿ

೧೯೪೯ರಲ್ಲಿ ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹತ್ತು ವರ್ಷದ ಮೇಲೆ ಹಡಗಿನ ಮದ್ದುಕೋಣೆಯ ಪಾಟಿಯ ಮೇಲೆ ಸುಳ್ಳು ಅಂಕಿ ಬರೆದವನೂ ನಾನೇ. ಬೀರಪ್ಪಾ, ಶಿಕ್ಷೆ ನಿನಗಾಯಿತು.

ಇಬ್ಬರೂ ಒಂದೇ ಡಿಸ್ಟ್ರಾಯರ್ ಹಡಗಿನ ತೋಪಿನ ಕೆಲಸದವರು — ನಾನು ಘೋಡಗೇರಿಯವನು, ನೀನು ಕಣಗಲಾದ ಕುರಿಯವರ ಮನೆಯ ಮ್ಯಾಟ್ರಿಕ್ ಪಾಸಾದವನು. ಅಷ್ಟು ಜನರಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಗುಂಡು ಎತ್ತಿಕೊಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಸೊಕ್ಕು ನನಗಿತ್ತು.

ಹೊರದೇಶದ ಹಡಗುಗಳಲ್ಲಿ ತೋಪಿನ ಜಾಗಕ್ಕೆ ಕ್ಷಿಪಣಿಗಳು ಬಂದಿವೆ, ವಿಮಾನದಂತೆ ರೆಕ್ಕೆ, ಒಳಗೆ ಮನುಷ್ಯನಿಲ್ಲ — ನಮ್ಮ ತೋಪಿನ ಸಾಹೇಬರು ಹೀಗೆಂದ ದಿನ ನೀನು ಊಟ ಮರೆತೆ. ಅದನ್ನು ಕಲಿಯಲು ನಮ್ಮಿಂದ ಒಬ್ಬನನ್ನು ಕಳಿಸುವವರಿದ್ದರು. ಅದರ ಪರೀಕ್ಷೆಗೆ ನಿನ್ನ ಹೆಸರು ಹೋಯಿತು.

"ನಿನ್ನ ಕ್ಷಿಪಣಿ ಬಂದ ಮ್ಯಾಲೆ ಗುಂಡ ಹೊರವ್ರು ನಾವು ಎಲ್ಲಿ ಹೋಗೂದಪಾ?" ಎಂದೆ.

"ನಮ್ಮ ಕುರಿ ಕಾಯಾಕ ಬಾ. ಅಲ್ಲೂ ಎಣಿಸಾಕ ಬರಬೇಕು ಮತ್ತ," ಎಂದು ನೀನು ನಕ್ಕೆ.

ದಿನವೂ ಬೆಳಿಗ್ಗೆ ತೋಪಿನ ಗುಂಡು ಇಡುವ ಮದ್ದುಕೋಣೆಗೆ ಇಳಿದು, ಉಷ್ಣಮಾಪಕ ನೋಡಿ, ಮೇಲೆ ಬಂದು ಬಾಗಿಲ ಬಳಿಯ ಪಾಟಿಯ ಮೇಲೆ ಅಂಕಿ ಬರೆಯಬೇಕು. ಒಳಗೆ ಕಾವು ಏರಿದರೆ ಹಡಗೇ ಹೋದೀತು. ಅದು ಓದಿದವರ ಕೆಲಸ. ಆ ವಾರ ನಿನ್ನ ಪಾಳಿ.

"ನೀ ಓದ್ಕೋ. ನಾ ನೋಡ್ತೀನಿ," ಎಂದೆ. ಪ್ರೀತಿಯಿಂದಲೇ ಎಂದೆ, ಅದು ಖರೆ. ಆದರೆ ಆ ಗಾಜಿನ ಕೊಳವೆಯ ಮೇಲೆ ಎರಡು ಅಂಕಿಗಳ ನಡುವಿನ ಸಣ್ಣ ಗೆರೆಗಳು ನನಗೆ ತಿಳಿಯಲಿಲ್ಲ. ನಿನ್ನನ್ನು ಕೇಳಬಹುದಿತ್ತು — ಕುರಿ ಎಣಿಸುವ ಆ ಮಾತು ಇನ್ನೂ ಚುಚ್ಚುತ್ತಿತ್ತು... ಹಿಂದಿನ ದಿನದ ಅಂಕಿಗೆ ಒಂದು ಕೂಡಿಸಿ, ಮರುದಿನ ಒಂದು ಕಳೆದು ಬರೆದೆ. ಮೂರನೆಯ ದಿನದಿಂದ ಕೆಳಗೆ ಇಳಿಯಲೂ ಇಲ್ಲ, ಮೇಲಿನಿಂದಲೇ ಬರೆದೆ.

ಐದನೆಯ ದಿನ ಸಾಹೇಬರು ಇಳಿದು ನೋಡಿದರೆ ಕೊಳವೆ ಒಡೆದಿತ್ತು, ಪಾದರಸ ನೆಲದ ಮೇಲಿತ್ತು. ಪಾಟಿಯ ಮೇಲೆ ಮಾತ್ರ ಅಂದಿನ ಅಂಕಿ.

"ಯಾರ ಪಾಳಿ?" ಎಂದರು.

ನೀನು ನನ್ನ ಕಡೆ ನೋಡಿದೆ. ನಾನೇ ಹೇಳಲೆಂದು ನೀನು ಕಾದೆ — ಅದು ಆಗಲೇ ನನಗೆ ತಿಳಿದಿತ್ತು.

"ಬೀರಪ್ಪನದು, ಸಾಬ್."

ಸುಳ್ಳಲ್ಲ ಆ ಮಾತು. ಅದಕ್ಕೇ ಅಷ್ಟು ಸಲೀಸಾಗಿ ಬಂತು.

ನೀನು ನನ್ನ ಹೆಸರು ಹೇಳಲಿಲ್ಲ. ಪರೀಕ್ಷೆಯ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿದರು, ನಿನ್ನನ್ನು ದಂಡೆಯ ಮೇಲಿನ ಸಾಮಾನು ಗೋದಾಮಿನ ಕೆಲಸಕ್ಕೆ ಕಳಿಸಿದರು. ಹಡಗು ಇಳಿಯುವಾಗ ನೀನು "ಚಲ್ತಾ ಹೂಂ" ಎಂದೆ. ನನ್ನೊಡನೆ — ಹಿಂದಿಯಲ್ಲಿ. ಆಮೇಲೆ ನಾಲ್ಕು ವರ್ಷ ಆ ಹಡಗಿನಲ್ಲಿ ನನ್ನ ಕನ್ನಡವನ್ನು ನಾನೊಬ್ಬನೇ ಆಡಿಕೊಂಡೆ.

ಈಗ ಗೋಕಾಕದಲ್ಲಿ ನೀರಿನ ಎಂಜಿನ್ ರಿಪೇರಿ ಮಾಡುತ್ತೇನೆ. ನೀನು ಊರಿಗೆ ಬಂದಿರುವೆಯೆಂದು ಕೇಳಿ ಎರಡು ಸಲ ಹುಕ್ಕೇರಿಯವರೆಗೆ ಬಂದೆ, ಅಲ್ಲಿಂದಲೇ ತಿರುಗಿದೆ. ಈ ಪತ್ರದ್ದೇ ಒಂದು ಪ್ರತಿಯನ್ನು ಸಹಿ ಮಾಡಿ ಹಡಗಿನ ಕಚೇರಿಗೂ ಹಾಕಿದ್ದೇನೆ. ಅದರಿಂದ ನಿನಗೆ ಏನೂ ಮರಳಿ ಬರದು, ಬಲ್ಲೆ.

ನನ್ನ ಬಳಿ ಈಗ ಇರುವುದು: ಕೋಣೆ ಒಂದು, ಟ್ರಂಕು ಒಂದು, ಸ್ಟೋವ್ ಒಂದು, ತಾಟು ಎರಡು. ಒಂದು ತಾಟಿನಲ್ಲಿ ಈವರೆಗೆ ಯಾರೂ ಉಂಡಿಲ್ಲ.