ಭದ್ರಾವತಿಯಲ್ಲಿ ಕೊಂಡ ಸಿಂಗಲ್ ಮಾಲ್ಟ್

ಶಿವಮೊಗ್ಗದ ಮರ್ಯಾದಸ್ಥರು ಬಾಟಲಿ ಬೇಕಾದರೆ ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಾರೆ. ಭದ್ರಾವತಿಯ ಮರ್ಯಾದಸ್ಥರು ಶಿವಮೊಗ್ಗಕ್ಕೆ ಬರುತ್ತಾರೆ. ಎರಡೂ ಊರಿನ ಮಾನ ಹೀಗೆ ಉಳಿದುಕೊಂಡಿದೆ. ಐವತ್ತಕ್ಕೆ ಎರಡು ವರ್ಷ ಬಾಕಿಯಿದ್ದ ನಾನೂ ಅದೇ ದಾರಿ ಹಿಡಿದೆ. ನಾನು ಕೆಲಸ ಮಾಡುವ ಬ್ಯಾಂಕಿನ ಭದ್ರಾವತಿ ಬ್ರಾಂಚಿನಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ.

ಗೆಳತಿಯ ಮನೆಯಲ್ಲಿ ಒಮ್ಮೆ ಒಂದು ಗುಟುಕು ಸಿಂಗಲ್ ಮಾಲ್ಟ್ ಕುಡಿದಿದ್ದೆ. ಅಂಥದ್ದೊಂದು ಬಾಟಲಿಯನ್ನು ನನ್ನದೇ ದುಡ್ಡಿನಲ್ಲಿ, ನಾನೇ ಆರಿಸಿ ಕೊಳ್ಳಬೇಕೆಂಬ ಹಠ ಅಂದೇ ಹುಟ್ಟಿತು. ಒಂದು ತಿಂಗಳು ಫೋನಿನಲ್ಲಿ ಓದಿದೆ. ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿಯೇ ಸಿಂಗಲ್ ಮಾಲ್ಟ್. ವಯಸ್ಸಾದಷ್ಟೂ ರುಚಿ ಹೆಚ್ಚುತ್ತದೆ ಎಂದು ನಂಬುವಂತಿಲ್ಲ, ಬೆಲೆಯಂತೂ ಹೆಚ್ಚುತ್ತದೆ. ಹೊಗೆ ವಾಸನೆಯದನ್ನು ಹೊಸಬರು ಮೊದಲಿಗೇ ಕೊಂಡರೆ ಹೆದರಿ ಓಡುತ್ತಾರಂತೆ.

ವೈನ್ ಶಾಪಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಜಮಾನ್ರು ಯಾವುದು ತಗೋತಾರೆ ಮೇಡಂ?"

"ಯಜಮಾನ್ರು ಕಾಫಿ ಕುಡೀತಾರೆ. ಇದು ನನಗೆ."

ಅವನು ಹದಿನೆಂಟು ವರ್ಷ ಹಳೆಯ, ಚಿನ್ನದ ಬಣ್ಣದ ಡಬ್ಬಿಯದನ್ನು ಇಳಿಸಿದ. ಬೇಡ ಎಂದೆ. ಹಲವು ವಿಸ್ಕಿ ಬೆರೆಸಿದ ಬ್ಲೆಂಡೆಡ್ ತಂದಿಟ್ಟು, "ಇದೂ ಸ್ಕಾಚೇ, ಎಲ್ಲಾ ಒಂದೇ" ಎಂದ.

"ಒಂದೇ ಅಲ್ಲ ಕಣ್ರೀ. ಸಿಂಗಲ್ ಮಾಲ್ಟೇ ಬೇಕು. ಹೊಗೆ ಇಲ್ಲದ್ದು, ಇರೋದ್ರಲ್ಲಿ ಕಡಿಮೆ ಬೆಲೆದು ತೋರ್ಸಿ."

ಗೊಣಗುತ್ತಾ ಹನ್ನೆರಡು ವರ್ಷದ್ದೊಂದನ್ನು ತೆಗೆದ. ಲೇಬಲ್ಲನ್ನು ಅಕ್ಷರ ಬಿಡದೆ ಓದುತ್ತಿದ್ದೆ. ಹಿಂದಿನಿಂದ, "ಒಂದು ಕ್ವಾರ್ಟರ್ ಕೊಡಪ್ಪ" ಎಂಬ ದನಿ ಕೇಳಿತು. ತಿರುಗಿದರೆ ಅಪ್ಪ!

ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಯಲ್ಲೇ ಇದ್ದಾರೆ. ಹಳೇ ಸ್ನೇಹಿತರನ್ನು ನೋಡಬೇಕೆಂದು ವಾರಕ್ಕೊಮ್ಮೆ ಭದ್ರಾವತಿಗೆ ಹೋಗುತ್ತಾರೆ. ತಾವು ಕುಡಿಯುವುದು ಮಕ್ಕಳಿಗೆ ಗೊತ್ತಿಲ್ಲ ಎಂದು ಅವರು ನಂಬಿದ್ದರು. ನಾವೂ ಆ ನಂಬಿಕೆ ಕೆಡಿಸಿರಲಿಲ್ಲ.

ಬಾಟಲಿ ಗಂಡನಿಗೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹಾಗೆಂದ ಮೇಲೆ ಆ ಬಾಟಲಿ ನನ್ನದಾಗಿ ಉಳಿಯುತ್ತಿರಲಿಲ್ಲ.

"ಯಾರಿಗೇ ಅದು?" ಅಪ್ಪ ಕೇಳಿದರು.

"ನನಗೇ ಅಪ್ಪ. ಓದಿ, ಆರಿಸಿ ತಗೊಳ್ತಿದ್ದೀನಿ."

ಅಪ್ಪ ಕ್ವಾರ್ಟರನ್ನು ಜೇಬಿಗಿಳಿಸಿ ಹೊರಗೆ ನಿಂತರು. ನಾನು ದುಡ್ಡು ಕೊಟ್ಟು ಬಂದೆ.

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕವೇ ಸೀಟು ಸಿಕ್ಕಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತರು. ಬೈದುಬಿಡಲಿ ಎಂದು ಕಾದೆ, ಬೈಯಲಿಲ್ಲ. ಚೀಲವನ್ನು ಮಾತ್ರ ಮಡಿಲಿನಿಂದ ಕೆಳಗಿಡಲಿಲ್ಲ.

ಶಿವಮೊಗ್ಗ ಹತ್ತಿರವಾದಾಗ ಅವರೇ ಬಾಯಿ ಬಿಟ್ಟರು. "ಅದಕ್ಕೆ ಸೋಡಾ ಹಾಕ್ತಾರೇನೇ?"

"ಇಲ್ಲಪ್ಪ. ನಾಲ್ಕು ಹನಿ ನೀರು, ಅಷ್ಟೇ."

ಅಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ನಂಗೆ ಕೈ ನಡುಗುತ್ತೆ ಮಾರಾಯ್ತಿ. ನೀನೇ ಹಾಕ್ಕೊಡು."