ಆರು ರೈಟ್, ಒಂದು ಸ್ಟಾಪ್

ಹೆಬ್ಬಾಳದ ಲ್ಯಾಬಿನವರು ಕೊಟ್ಟ ನನ್ನ ಮೂತ್ರ ಪರೀಕ್ಷೆಯ ವರದಿಯನ್ನು ಬಸ್ಸಿನಲ್ಲೇ ಬಿಡಿಸಿದೆ. ಔಷಧಿಗಳ ಪಟ್ಟಿ, ಎದುರಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದರೆ ಆ ಔಷಧಿಗೆ ರೋಗಾಣು ಸೋಲುತ್ತದೆ; ‘ಆರ್’ ಎಂದರೆ ಜಗ್ಗುವುದಿಲ್ಲ. ಅಷ್ಟರಲ್ಲಿ ಕಂಡಕ್ಟರ್ ‘ರೈಟ್, ರೈಟ್’ ಎಂದ. ದೊಡ್ಡಪ್ಪ ನೆನಪಾದರು.

ಅವರು ಯಲಹಂಕದ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ನಿವೃತ್ತಿಯ ನಂತರ ಅವರ ಚರ್ಮದ ಚೀಲಕ್ಕೆ ಹೊಸ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಯಾರಿಗೇ ವಾಸಿಯಾಗಲಿ, ಉಳಿದ ಮಾತ್ರೆ, ಔಷಧಿ ಅಂಗಡಿಯ ಚೀಟಿ ಸಮೇತ, ಅದರೊಳಗೆ. ಟಿಕೆಟ್ ಖಾನೆಯಲ್ಲಿ ಜ್ವರದವು, ಚಿಲ್ಲರೆ ಖಾನೆಯಲ್ಲಿ ಕೀವಿನವು. ನಾನೂ ಅದಕ್ಕೆ ದಾನ ಮಾಡಿದವನೇ. ‘ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿ’ ಎಂದು ಪತ್ರಿಕೆಯ ಆರೋಗ್ಯ ಪುಟಕ್ಕೆ ಶೀರ್ಷಿಕೆ ಕೊಟ್ಟು, ಮನೆಗೆ ಬಂದು ಮೂರನೇ ದಿನಕ್ಕೇ ನಿಲ್ಲಿಸುತ್ತಿದ್ದೆ. ನೀವೂ ನಿಲ್ಲಿಸಿರುತ್ತೀರಿ, ಬಿಡಿ.

2012ರಲ್ಲಿ ದೊಡ್ಡಮ್ಮನ ಕಾಲಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು. ಚೀಲದಿಂದ ಎರಡು ದಿನ ಒಂದು ಬಗೆಯ ಮಾತ್ರೆ, ಅದು ಮುಗಿದ ಮೇಲೆ ಇನ್ನೊಂದು ಬಗೆ. ಗಾಯ ಒಣಗುವುದು, ಮತ್ತೆ ಸೋರುವುದು. ತಿಂಗಳ ಬಳಿಕ ಆಸ್ಪತ್ರೆಗೆ ಸೇರಿಸಿದಾಗ ಪಾದ ಕತ್ತರಿಸಬೇಕಾಗಬಹುದು ಎಂದರು. ಕೀವಿನ ವರದಿ ಮೊದಲು ದೊಡ್ಡಪ್ಪನ ಕೈಗೆ ಸಿಕ್ಕಿತು.

‘ನೋಡ್ಲಾ ಇಲ್ಲಿ, ಎಲ್ಲಾ ಆರ್, ಎಲ್ಲಾ ರೈಟ್! ಒಂದೇ ಒಂದ್ ಎಸ್. ಅದು ಸ್ಟಾಪ್ ಇರ್ಬೇಕು. ಅದೊಂದ್ ಬಿಟ್ಟು ಯಾವ್ದ್ ಕೊಟ್ರೂ ನಡೀತದೆ.’

ದೊಡ್ಡಮ್ಮ ಮಲಗಿದ್ದಲ್ಲಿಂದಲೇ, ‘ಬಸ್ಸಿಗೆ ಅಂದಿದ್ ಸಾಲ್ದೂಂತ ನನ್ ಕಾಲಿಗೂ ರೈಟ್ ಅಂದ್ಬಿಡಿ’ ಎಂದರು.

ವರದಿ ತಂದಿದ್ದ ಲ್ಯಾಬಿನ ಡಾಕ್ಟರಮ್ಮ ನಗಲಿಲ್ಲ. ‘ಟಿಕೆಟ್ ಇಲ್ದೋರನ್ನ ಇಳಿಸ್ತಿದ್ರಲ್ಲ ಸರ್, ಹಂಗೇ ಔಷಧೀನ ಆಚೆ ತಳ್ಳೋ ಪಂಪು ಈ ರೋಗಾಣು ಗೋಡೇಲಿದೆ. ಇನ್ನೊಂದ್ ಔಷಧೀನ ಕತ್ತರಿಸೋ ಕಿಣ್ವಾನೂ ಇದೆ.’

‘ಯಾರ್ ಕಲಿಸಿದ್ರಮ್ಮ ಇದಕ್ಕೆ?’

‘ಯಾರೂ ಇಲ್ಲ. ಒಂದು ಎರಡಾಗುವಾಗ ಡಿಎನ್‌ಎ ನಕಲು ಮಾಡ್ಕೊಳತ್ತಲ್ಲ, ಅಲ್ಲಿ ಅಕ್ಷರ ತಪ್ಪತ್ತೆ. ಅಪರೂಪಕ್ಕೆ ಆ ತಪ್ಪೇ ಅದಕ್ಕೆ ಅನುಕೂಲ. ಅರೆಬರೆ ಔಷಧಿ ಬಿದ್ರೆ ಮಿಕ್ಕಿದ್ದು ಸತ್ತು, ಅಂಥವೇ ಉಳೀತವೆ. ಆಮೇಲೆ ಈ ವಿದ್ಯೆ ಬರೆದಿರೋ ಡಿಎನ್‌ಎ ಉಂಗುರಾನ ಪಕ್ಕದ್ದಕ್ಕೂ ದಾಟಿಸ್ತವೆ.’

‘ಒಬ್ಬನ್ ಪಾಸು ಬಸ್ಸೆಲ್ಲಾ ಕೈ ಬದಲಾಯ್ಸಿದಂಗೆ’ ಎಂದರು ದೊಡ್ಡಪ್ಪ. ಅಕ್ಷರ ತಪ್ಪು ತಿದ್ದುವುದೇ ಕಸುಬಾದ ನನಗಿಂತ ಬೇಗ ಅವರಿಗೆ ಅರ್ಥವಾಗಿತ್ತು. ಆಮೇಲೆ ಅವರು, ‘ಅಂಗಾರೆ ನಾನ್ ಕೊಟ್ಟಿದ್ದು...’ ಎಂದು ನಿಲ್ಲಿಸಿದರು. ಅವರು ಕೊಟ್ಟ ಮಾತ್ರೆಗಳಲ್ಲಿ ಅರ್ಧ ನಾನು ಮಿಗಿಸಿದವು. ಅದನ್ನು ಆವತ್ತು ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಆ ಒಂದು ‘ಎಸ್’ ಔಷಧಿಯಿಂದ ಪಾದ ಉಳಿಯಿತು. ಎರಡು ಬೆರಳು ಹೋದವು.

ಈಗ ನನ್ನ ವರದಿಯಲ್ಲಿ ಆರು ‘ಆರ್’. ದಿಗಿಲಿನಲ್ಲಿ ಯಾರಿಗಾದರೂ ಹೇಳಬೇಕೆನಿಸಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನೂ ಹೇಳಿದೆ.

‘ಗೊತ್ತಿತ್ತು ಕಣೋ. ಆ ಮಾತ್ರೆ ಚೀಟಿ ಮೇಲೆ ನಿನ್ನೆಸ್ರಿತ್ತು’ ಎಂದರು. ಆಮೇಲೆ, ‘ಸ್ಟಾಪ್ ಎಷ್ಟೈತೆ?’

‘ಒಂದೇ, ದೊಡ್ಡಮ್ಮ.’

‘ಅಲ್ಲೇ ಇಳ್ಕೊ. ಈ ಸಲ ಏನೂ ಮಿಗಿಸ್ಬೇಡ.’